ಸಾಲವು ಸ್ಥಿತಿಕರಣವಾದೀತೆ?

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಮಾರ್ಗದಿಂದ ಜಾರುತ್ತಿರುವವರನ್ನು ಕೈಹಿಡಿದು ಮತ್ತೆ ಅವರ ನೆಲೆಯಲ್ಲಿ ನಿಲ್ಲಿಸುವುದೇ ಅದರ ಅರ್ಥ. ಜೀವನೋಪಾಯ ಕುಸಿದವನ ವ್ರತನಿಯಮಗಳೂ ಅಲುಗಾಡುವುದುಂಟೆಂಬ ಅನುಭವದಿಂದ ಹಿರಿಯರು ಈ ಮಾತನ್ನು ಲೌಕಿಕ ವ್ಯವಹಾರಕ್ಕೂ ಅನ್ವಯಿಸಿಕೊಂಡು ಬಂದಿದ್ದಾರೆ. ಕೊರೋನಾ ಮಹಾಮಾರಿಯ ವರ್ಷಗಳಲ್ಲಿ ಸರಕಾರಗಳು ‘ಚೇತರಿಕೆ’ ಎಂಬ ಮಾತನ್ನು ಧಾರಾಳವಾಗಿ ಬಳಸಿದವು. ಆ ಚೇತರಿಕೆಯ ಯೋಜನೆಗಳು ಸ್ಥಿತಿಕರಣದ ಒರೆಗಲ್ಲಿಗೆ ನಿಲ್ಲುವವೇ? ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಸೀಮೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಉತ್ತರ ಸಮಾಧಾನಕರವಾಗಿಲ್ಲ.

ಈ ಸೀಮೆ ಪ್ರವಾಸಿಗಳ ನಕ್ಷೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದಿಲ್ಲ. ಹಂಪಿ, ಬಾದಾಮಿಗಳಿಗೆ ಹೋಗುವವರು ಇದನ್ನು ದಾಟಿ ಹೋಗುತ್ತಾರೆ. ಆದರೆ ಇಲ್ಲಿರುವುದು ಸಾಮಾನ್ಯವೇ? ಹಾನಗಲ್ಲು ಕದಂಬರ ಶಾಖೆಯೊಂದು ಆಳಿದ ಪಾನುಂಗಲ್ಲು. ಅಲ್ಲಿಯ ತಾರಕೇಶ್ವರ ದೇವಾಲಯದ ಕಮಲಾಕಾರದ ಛತ್ತು ಶಿಲ್ಪಿಗಳಿಗೇ ಬೆರಗು ಹುಟ್ಟಿಸುವಂಥದು. ಶಿಗ್ಗಾಂವಿ ತಾಲೂಕಿನಲ್ಲಿ ಕನಕದಾಸರ ಬಾಡ, ಶರೀಫ ಸಾಹೇಬರ ಶಿಶುನಾಳ, ಹೆದ್ದಾರಿಯ ಬದಿಯ ಗೋಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇವೆ. ಸವಣೂರಿನಲ್ಲಿ ಸತ್ಯಬೋಧತೀರ್ಥರ ವೃಂದಾವನ, ನವಾಬರ ಅರಮನೆ, ದೊಡ್ಡಹುಣಸೆಯೆಂದು ಜನ ಕರೆಯುವ ಬೃಹದಾಕಾರದ ಮುಪ್ಪಿನ ಮರಗಳು ಇವೆ. ಹಿರೇಕೆರೂರಿನ ಕಡೆಗೆ ಅಬ್ಬಲೂರು, ಮಾಸೂರಿನ ಮದಗದ ಕೆರೆ ಇವೆ. ಈಗ ಬೇರೆ ತಾಲೂಕಾಗಿರುವ ರಟ್ಟೀಹಳ್ಳಿಯ ಕದಂಬೇಶ್ವರವೂ ಹಿಂದೆ ಇದೇ ತಾಲೂಕಿಗೆ ಸೇರಿತ್ತು.

ಜೈನ ಸಮಾಜಕ್ಕಂತೂ ಈ ನೆಲ ಪರಕೀಯವಲ್ಲ. ರಾಷ್ಟ್ರಕೂಟ ನೃಪತುಂಗನ ಸೇನಾನಿ ಬಂಕೆಯನ ಹೆಸರನ್ನು ಹೊತ್ತ ಬಂಕಾಪುರವು ಇಂದಿನ ಶಿಗ್ಗಾಂವಿ ತಾಲೂಕಿನಲ್ಲಿದೆ. ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಬಂಕೆಯನ ಮಗ ಲೋಕಾದಿತ್ಯನು ಅಲ್ಲಿಂದ ಆಳುತ್ತಿದ್ದಾಗ ಗುಣಭದ್ರಾಚಾರ್ಯರ ಉತ್ತರಪುರಾಣವು ಪೂಜೆಗೊಂಡಿತೆಂಬುದನ್ನು ಆ ಗ್ರಂಥದ ಪ್ರಶಸ್ತಿಯೇ ತಿಳಿಸುತ್ತದೆ. ಗಂಗ ಮಾರಸಿಂಹನು ರಾಜ್ಯವನ್ನು ತೊರೆದು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡುದು ಇದೇ ಬಂಕಾಪುರದಲ್ಲಿ. ಶ್ರವಣಬೆಳಗೊಳದ ಶಾಸನ ಅದಕ್ಕೆ ಸಾಕ್ಷಿ. ಅದೇ ತಾಲೂಕಿನ ಅರಟಾಳದಲ್ಲಿ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಅಬ್ಬಲೂರಿನ ಶಿಲ್ಪ ಮತ್ತು ಶಾಸನಗಳು ಜೈನರ ಪಾಲಿಗೆ ನೋವಿನ ನೆನಪನ್ನು ಹೊತ್ತಿದ್ದರೂ ಇತಿಹಾಸವೆಂದು ಓದಬೇಕಾದುವೇ.

ಇಂತಹ ಸ್ಥಳಗಳನ್ನು ಕಾಣಲು ಬರುವವರಿಂದ ಬದುಕುವವರು ಯಾರು? ನಕ್ಷತ್ರ ಹೋಟೆಲುಗಳ ಒಡೆಯರಲ್ಲ. ಗುಡಿಯ ಮುಂದೆ ಹೂಮಾಲೆ ಕಟ್ಟುವವಳು, ಕಾಯಿಕರ್ಪೂರದ ಡಬ್ಬಿ ಅಂಗಡಿಯವನು, ಬಾಡಿಗೆಯ ಕೋಣೆಯಲ್ಲಿ ರೊಟ್ಟಿಯೂಟದ ಖಾನಾವಳಿ ನಡೆಸುವ ವಿಧವೆ, ಯಲವಿಗಿ ನಿಲ್ದಾಣಕ್ಕೆ ಇಳಿದವರನ್ನು ಸವಣೂರಿಗೆ ತಂದುಬಿಡುವ ಟಂಟಂ ಚಾಲಕ, ಊರಿಗೆ ಮರಳುವವರ ಕೈಗೆ ಸವಣೂರ ಖಾರದ ಪೊಟ್ಟಣ ಕಟ್ಟಿಕೊಡುವವನು, ಜಾತ್ರೆಯಿಂದ ಜಾತ್ರೆಗೆ ಬೆಂಡು-ಬತ್ತಾಸು ಹೊತ್ತು ಸಾಗುವ ಕುಟುಂಬ. ಇವರೇ ಈ ಸೀಮೆಯ ‘ಪ್ರವಾಸೋದ್ಯಮ’. ಇವರಲ್ಲಿ ಹೆಚ್ಚಿನವರಿಗೆ ಆ ಹೆಸರಿನ ಉದ್ಯಮದಲ್ಲಿ ತಾವಿದ್ದೇವೆಂಬುದೇ ತಿಳಿಯದು. ಸರಕಾರಕ್ಕೂ ಅದು ತಿಳಿದಿರಲಿಲ್ಲವೆಂಬುದೇ ಈ ಲೇಖನದ ವಾದ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಂದಿರ ಮುಚ್ಚಿದ್ದು, ಜಾತ್ರೆ ನಿಲ್ಲಿಸಿದ್ದು, ಸ್ಮಾರಕಗಳಿಗೆ ಬೀಗ ಹಾಕಿದ್ದು ತಪ್ಪಲ್ಲ. ಉಸಿರಿನಿಂದ ಉಸಿರಿಗೆ ಹರಡುವ ರೋಗದ ಕಾಲದಲ್ಲಿ ಜನಸಂದಣಿಯನ್ನು ತಡೆಯುವುದು ಅಹಿಂಸೆಯ ಬೇಡಿಕೆಯೇ ಆಗಿತ್ತು. ಅದು ಅಭಯದಾನದ ಒಂದು ರೂಪ. ದೂರು ಇರುವುದು ಮುಚ್ಚಿದ್ದರ ಮೇಲಲ್ಲ, ಮುಚ್ಚಿದ್ದರ ಬೆಲೆಯನ್ನು ಯಾರಿಂದ ವಸೂಲು ಮಾಡಲಾಯಿತೆಂಬುದರ ಮೇಲೆ. ಇಡೀ ಸಮಾಜದ ಪ್ರಾಣರಕ್ಷಣೆಗಾಗಿ ಒಬ್ಬನ ಅಂಗಡಿ ಮುಚ್ಚಿದರೆ, ಆ ನಷ್ಟ ಇಡೀ ಸಮಾಜದ ಋಣ. ಆ ಋಣವನ್ನು ಅಂಗಡಿಯವನ ಹೆಸರಿನಲ್ಲಿಯೇ ಬರೆದು, ಮೇಲೆ ಬಡ್ಡಿಯನ್ನೂ ಸೇರಿಸಿದರೆ ಅದನ್ನು ಪರಿಹಾರವೆನ್ನಲು ನ್ಯಾಯಬುದ್ಧಿ ಒಪ್ಪದು.

ಮುಚ್ಚಿದ ದಿನಗಳ ಲೆಕ್ಕವನ್ನು ನೋಡಬೇಕು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಅಂದು ಯುಗಾದಿ. ಏಪ್ರಿಲ್ 6ರ ಮಹಾವೀರ ಜಯಂತಿ, ಏಪ್ರಿಲ್ 26ರ ಅಕ್ಷಯ ತದಿಗೆ ಎರಡೂ ಬಾಗಿಲ ಹಿಂದೆಯೇ ಕಳೆದುವು. ದೇವಸ್ಥಾನ ಮತ್ತು ಹೋಟೆಲುಗಳು ತೆರೆದುದು ಜೂನ್ 8ಕ್ಕೆ. ಪುರಾತತ್ವ ಇಲಾಖೆಯ ಸ್ಮಾರಕಗಳು ತೆರೆಯಲಾರಂಭಿಸಿದುದು ಜುಲೈ 6ರಿಂದ. ಮರುವರ್ಷ ಅದೇ ಕಥೆ. 2021ರ ಏಪ್ರಿಲ್ 25ರ ಭಾನುವಾರ ಬಂದ ಮಹಾವೀರ ಜಯಂತಿ ವಾರಾಂತ್ಯದ ಕರ್ಫ್ಯೂವಿನಲ್ಲಿ ಮುಳುಗಿತು; ಏಪ್ರಿಲ್ 27ರ ರಾತ್ರಿಯಿಂದ ಜೂನ್ 14ರವರೆಗೆ ರಾಜ್ಯ ಮತ್ತೆ ಸ್ತಬ್ಧವಾಯಿತು; ದೇವಸ್ಥಾನಗಳು ಭಕ್ತರಿಗೆ ತೆರೆದುದು ಜುಲೈ 5ಕ್ಕೆ. 2022ರ ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಮೂರನೆಯ ಬಾರಿ ವಾರಾಂತ್ಯದ ಕರ್ಫ್ಯೂ ಬಂದಿತು. ಜಾತ್ರೆ, ಮದುವೆ, ರಜೆಗಳ ಸುಗ್ಗಿಯೆಂದರೆ ಮಾಘದಿಂದ ಜ್ಯೇಷ್ಠದವರೆಗೆ. ವರ್ಷದ ಗಳಿಕೆಯನ್ನು ಆ ನಾಲ್ಕೈದು ತಿಂಗಳಲ್ಲಿ ಮಾಡಿಕೊಳ್ಳುವವರಿಗೆ ಮುಚ್ಚಿದ್ದು ಕೆಲವು ವಾರಗಳಲ್ಲ, ಎರಡು ಪೂರ್ಣ ವರ್ಷಗಳು. ಹಾವೇರಿಯಲ್ಲಿ 2021ರ ಫೆಬ್ರುವರಿಗೆ ನಿಗದಿಯಾಗಿದ್ದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಮುಂದೂಡಲ್ಪಟ್ಟು 2023ರ ಜನವರಿ 6ರಿಂದ 8ರವರೆಗೆ ನಡೆಯಿತು. ಲಕ್ಷಗಟ್ಟಲೆ ಜನರನ್ನು ಜಿಲ್ಲೆಗೆ ಕರೆತರಬಲ್ಲ ಅಂತಹ ಕಾರ್ಯವೂ ಸಂಕಟದ ಕಾಲದಲ್ಲಿ ನೆರವಿಗೆ ಬರಲಿಲ್ಲ.

ಈಗ ಚೇತರಿಕೆಯ ಯೋಜನೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಸಣ್ಣ ಉದ್ದಿಮೆಗಳಿಗೆಂದು 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲ ಖಾತರಿ ಯೋಜನೆಯನ್ನು ಪ್ರಕಟಿಸಿತು. ಅದರ ನಿಯಮವೇನು? 2020ರ ಫೆಬ್ರುವರಿ 29ರಂದು ಬ್ಯಾಂಕಿನಲ್ಲಿ ಬಾಕಿಯಿದ್ದ ಸಾಲದ ಶೇ. 20ರಷ್ಟು ಹೆಚ್ಚುವರಿ ಸಾಲ. 2021ರ ಮಾರ್ಚಿನಲ್ಲಿ ಪ್ರವಾಸ ಮತ್ತು ಹೋಟೆಲುಗಳಿಗೆ ಅದು ಶೇ. 40ಕ್ಕೆ ಏರಿತು. ಮೊದಲೇ ಸಾಲವಿದ್ದವನಿಗೆ ಇನ್ನಷ್ಟು ಸಾಲ. ಸಾಲವೇ ಇಲ್ಲದೆ, ಸ್ವಂತ ಉಳಿತಾಯದ ಮೇಲೆ ಅಂಗಡಿ ನಡೆಸಿದವನಿಗೆ ಸೊನ್ನೆಯ ಶೇ. 20, ಎಂದರೆ ಸೊನ್ನೆಯೇ. ಮಿತವ್ಯಯವನ್ನೂ ಋಣಭಯವನ್ನೂ ಗೃಹಸ್ಥನ ಗುಣಗಳೆಂದು ಕಲಿಸಿದ ಸಮಾಜದಲ್ಲಿ ಆ ಗುಣಗಳೇ ಅನರ್ಹತೆಗಳಾದುವು.

ರಿಸರ್ವ್ ಬ್ಯಾಂಕು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸಾಲದ ಕಂತುಗಳಿಗೆ ವಿರಾಮ ಕೊಟ್ಟಿತು. ಅದು ಬ್ಯಾಂಕು ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳ ಸಾಲಕ್ಕೆ ಮಾತ್ರ. ಕೈಗಡ ತಂದವನಿಗೆ, ಚೀಟಿ ಎತ್ತಿದವನಿಗೆ, ಕಿರಾಣಿ ಅಂಗಡಿಯ ಉದ್ರಿ ತೀರಿಸಬೇಕಾದವನಿಗೆ ವಿರಾಮ ಕೊಡುವವರು ಯಾರೂ ಇರಲಿಲ್ಲ. ಜುಲೈ 1ರಿಂದ ಆರಂಭವಾದ ಉದ್ಯಮ್ ನೋಂದಣಿಯಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಸ್ಥಾನ ದೊರೆತುದು 2021ರ ಜುಲೈ 2ರಂದು, ಅದೂ ಬ್ಯಾಂಕುಗಳ ಆದ್ಯತಾ ಸಾಲದ ಮಟ್ಟಿಗೆ. ಎರಡನೆಯ ಅಲೆ ಬಂದು ಹೋದ ಮೇಲೆ ಅಂಗಡಿಕಾರನೂ ಉದ್ದಿಮೆದಾರನೆಂದು ಸರಕಾರಕ್ಕೆ ಹೊಳೆಯಿತು.

ಬೀದಿಬದಿಯ ವ್ಯಾಪಾರಿಗಳಿಗೆಂದು 2020ರ ಜೂನ್ 1ರಂದು ಬಂದ ಸ್ವನಿಧಿ ಯೋಜನೆ ಸದುದ್ದೇಶದ್ದೇ. 10,000 ರೂಪಾಯಿಗಳ ಮೊದಲ ಸಾಲ, ಸಕಾಲಕ್ಕೆ ಮರುಪಾವತಿ ಮಾಡಿದವರಿಗೆ ಶೇ. 7ರ ಬಡ್ಡಿ ಸಹಾಯ. ಆದರೆ ಅದು ನಗರದ ಯೋಜನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಬಂಕಾಪುರ, ಹಿರೇಕೆರೂರು ಪಟ್ಟಣಗಳ ವ್ಯಾಪಾರಿಗೆ ಅದರ ಬಾಗಿಲು ತೆರೆದಿತ್ತು. ಬಾಡದಲ್ಲಿ, ಶಿಶುನಾಳದಲ್ಲಿ, ಅಬ್ಬಲೂರಿನಲ್ಲಿ, ತಿಳವಳ್ಳಿಯ ಶಾಂತೇಶ್ವರನ ಮುಂದೆ ಕುಳಿತು ಮಾರುವವನ ಊರು ಗ್ರಾಮ ಪಂಚಾಯತಿಯದು. ಯಾತ್ರಿಕ ಬರುವುದು ಹಳ್ಳಿಗೆ. ಯೋಜನೆ ನಿಂತುದು ಪಟ್ಟಣದ ಸರಹದ್ದಿನಲ್ಲಿ.

ರಾಜ್ಯ ಸರಕಾರವು ನೇರವಾಗಿ ಹಣ ಕೊಟ್ಟಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಕೊಟ್ಟಿದೆ, ಅದನ್ನು ಮರೆಮಾಚುವುದು ಸತ್ಯವ್ರತಕ್ಕೆ ಸಲ್ಲದು. 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರ ಪ್ರಕಟವಾಯಿತು. ಆಟೋ-ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000. ಹೂ ಬೆಳೆದವನಿಗೆ ಪಹಣಿಯಿದೆ. ಅದೇ ಹೂವನ್ನು ಮಾಲೆ ಕಟ್ಟಿ ಗುಡಿಯ ಮುಂದೆ ಮಾರುವವಳಿಗೆ ಯಾವ ಪಹಣಿ? 2021ರ ಮೇ 19ರ ಪರಿಹಾರದಲ್ಲಿ ಚಾಲಕರಿಗೆ 3,000, ಆತ್ಮನಿರ್ಭರ ನಿಧಿಯಡಿ ನೋಂದಾಯಿತರಾದ ಬೀದಿ ವ್ಯಾಪಾರಿಗಳಿಗೆ 2,000. ನೋಂದಣಿಯ ಹೊರಗಿದ್ದವರು ಪರಿಹಾರದ ಹೊರಗೂ ಉಳಿದರು.

ಆ 2,000 ರೂಪಾಯಿಗಳನ್ನು ಒಮ್ಮೆ ಎಣಿಸಿ ನೋಡಬೇಕು. ಏಪ್ರಿಲ್ 27ರಿಂದ ಜೂನ್ 14ರವರೆಗೆ 48 ದಿನಗಳು. ದಿನಕ್ಕೆ ಬಂದುದು ಸುಮಾರು 42 ರೂಪಾಯಿ. ಅದೇ ವರ್ಷ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 289 ರೂಪಾಯಿ. ಮಣ್ಣು ಹೊರುವ ಕೂಲಿಗೆ ಸರಕಾರವೇ ಕಟ್ಟಿದ ಕನಿಷ್ಠ ಬೆಲೆಯಂತೆ 48 ದಿನಗಳಿಗೆ ಸಲ್ಲಬೇಕಾದುದು 13,872 ರೂಪಾಯಿ. ಸಂದುದು ಅದರ ಏಳನೆಯ ಒಂದು ಭಾಗದಷ್ಟು. ಇದನ್ನು ಭಿಕ್ಷೆಯೆಂದರೆ ಕೊಟ್ಟವರಿಗೆ ಸಿಟ್ಟು ಬಂದೀತು; ಪರಿಹಾರವೆಂದರೆ ಪಡೆದವರಿಗೆ ನಗು ಬಂದೀತು.

2021ರ ಜೂನ್ ತಿಂಗಳಲ್ಲಿ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ರಿಯಾಯಿತಿಗಳು ಬಂದುವು. ಹೋಟೆಲು, ರೆಸಾರ್ಟುಗಳ ಆಸ್ತಿ ತೆರಿಗೆಯಲ್ಲಿ ಶೇ. 50ರ ವಿನಾಯಿತಿ, ಮೂರು ತಿಂಗಳ ವಿದ್ಯುತ್ ನಿಗದಿತ ಶುಲ್ಕದ ಮನ್ನಾ, ನೋಂದಾಯಿತ ಮಾರ್ಗದರ್ಶಿಗಳಿಗೆ 5,000 ರೂಪಾಯಿ. ಆಸ್ತಿ ತೆರಿಗೆಯ ವಿನಾಯಿತಿ ಸಲ್ಲುವುದು ಕಟ್ಟಡದ ಮಾಲೀಕನಿಗೆ. ಬಾಡಿಗೆಯ ಖಾನಾವಳಿಯವಳಿಗೆ ಅದರಿಂದ ದಕ್ಕಿದ್ದೇನು? ಹೆಸ್ಕಾಂ ಮೀಟರು ಯಾರ ಹೆಸರಿನಲ್ಲಿದೆಯೋ ಶುಲ್ಕದ ಮನ್ನಾ ಅವರಿಗೆ. ಅದೇ ಜೂನ್ 28ರಂದು ಕೇಂದ್ರ ಸರಕಾರ ಪ್ರಕಟಿಸಿದ ಪ್ರವಾಸೋದ್ಯಮದ ಸಾಲ ಖಾತರಿಯಂತೂ ದೇಶದಾದ್ಯಂತ 10,700 ಮಾರ್ಗದರ್ಶಿಗಳನ್ನೂ ಇಲಾಖೆ ಮಾನ್ಯಮಾಡಿದ ಸುಮಾರು ಸಾವಿರ ಪ್ರವಾಸ ಸಂಸ್ಥೆಗಳನ್ನೂ ಗುರಿಯಾಗಿಟ್ಟುಕೊಂಡಿತು. ಇಡೀ ಭಾರತದ ಪ್ರವಾಸೋದ್ಯಮ ಹನ್ನೆರಡು ಸಾವಿರ ಹೆಸರುಗಳಿಗೂ ಕಡಿಮೆಯಲ್ಲಿ ಮುಗಿಯಿತೇ? ತಾರಕೇಶ್ವರದ ಇತಿಹಾಸವನ್ನು ಬಂದವರಿಗೆ ಹೇಳಿ ಹತ್ತು-ಇಪ್ಪತ್ತು ರೂಪಾಯಿ ಪಡೆಯುವ ಊರಿನ ಹಿರಿಯ ಯಾವ ಪಟ್ಟಿಯ ಮಾರ್ಗದರ್ಶಿ?

ಹೀಗೆ ಒಂದೊಂದು ಯೋಜನೆಯೂ ತನ್ನಷ್ಟಕ್ಕೆ ತಾರ್ಕಿಕವಾಗಿಯೇ ಕಾಣುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಒಂದು ಸಮಾನ ದೋಷ ಕಣ್ಣಿಗೆ ಬೀಳುತ್ತದೆ. ಅವು ಅಳೆದುದು ನಷ್ಟವನ್ನಲ್ಲ, ದಾಖಲೆಯನ್ನು. ಸಾಲದ ಖಾತೆ, ಪಹಣಿ, ಮೀಟರು, ಆಸ್ತಿ ಪತ್ರ, ಇಲಾಖೆಯ ಮಾನ್ಯತೆ ಇವುಗಳಲ್ಲಿ ಒಂದಾದರೂ ಇದ್ದವನಿಗೆ ಏನಾದರೊಂದು ದೊರೆಯಿತು. ಯಾವುದೂ ಇಲ್ಲದವನಿಗೆ, ಎಂದರೆ ಹೆಚ್ಚು ಕಳೆದುಕೊಂಡವನಿಗೆ, ಏನೂ ದೊರೆಯಲಿಲ್ಲ. ಸ್ಮಾರಕಗಳ ವಿಷಯದಲ್ಲಿಯೂ ಹೀಗೆಯೇ. ಗೋಳಗುಮ್ಮಟಕ್ಕೆ ಟಿಕೇಟು ಉಂಟು; ಆದ್ದರಿಂದ ಎಷ್ಟು ಜನ ಬರಲಿಲ್ಲವೆಂಬುದು ಲೆಕ್ಕಕ್ಕೆ ಸಿಗುತ್ತದೆ. ಹಾನಗಲ್ಲಿನ ತಾರಕೇಶ್ವರಕ್ಕೂ ಬಂಕಾಪುರದ ಅರವತ್ತು ಕಂಬದ ನಗರೇಶ್ವರಕ್ಕೂ ಟಿಕೇಟಿಲ್ಲ. ಅಲ್ಲಿ ಬರುವವರ ಎಣಿಕೆಯಿಲ್ಲ, ಬಾರದವರ ಎಣಿಕೆಯೂ ಇಲ್ಲ. ಎಣಿಕೆಯಿಲ್ಲದ ನಷ್ಟವನ್ನು ಕಡತ ನಷ್ಟವೆಂದು ಒಪ್ಪುವುದಿಲ್ಲ.

ಇದಕ್ಕೆ ಮೂರು ಸಮರ್ಥನೆಗಳು ಕೇಳಿಬರುತ್ತವೆ. ಮೊದಲನೆಯದು, ದಾಖಲೆಯಿಲ್ಲದೆ ಹಣ ಹಂಚಿದರೆ ಸುಳ್ಳುಗಾರರು ದೋಚುತ್ತಾರೆಂಬುದು. ಈ ಭಯ ನಿಜವೇ. ಆದರೆ ಇದೇ ಸೀಮೆಯಲ್ಲಿ 2019ರ ಆಗಸ್ಟ್ ತಿಂಗಳಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಮನೆಗಳು ಬಿದ್ದಾಗ ಸರಕಾರ ಏನು ಮಾಡಿತು? ಗ್ರಾಮಲೆಕ್ಕಿಗರನ್ನೂ ಅಭಿಯಂತರರನ್ನೂ ಸ್ಥಳಕ್ಕೆ ಕಳುಹಿಸಿ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿ ಪಟ್ಟಿ ಮಾಡಿಸಿತು; ತತ್‌ಕ್ಷಣಕ್ಕೆ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷದವರೆಗೆ ಘೋಷಿಸಿತು. ಆ ಪಟ್ಟಿಗಳಲ್ಲಿ ತಕರಾರುಗಳು ಇಲ್ಲದಿರಲಿಲ್ಲ. ಆದರೂ ಹೋಗಿ ನೋಡುವ ಪದ್ಧತಿ ಇತ್ತು. 2020ರ ಮಾರ್ಚ್ 14ರಂದು ಕೋವಿಡ್ಡನ್ನೂ ಕೇಂದ್ರ ಸರಕಾರ ವಿಪತ್ತೆಂದೇ ಸಾರಿತು. ಆದರೂ ಬಿದ್ದ ಅಂಗಡಿಯನ್ನು ನೋಡಲು ಯಾರನ್ನೂ ಕಳುಹಿಸದೆ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿರೆಂದು ಅಂಗಡಿಯವನಿಗೇ ಹೇಳಿತು. ನೀರಿನಿಂದ ಬಿದ್ದ ಗೋಡೆ ಕಾಣುತ್ತದೆ. ಆದೇಶದಿಂದ ಬಿದ್ದ ವ್ಯಾಪಾರ ಕಾಣುವುದಿಲ್ಲವೆಂದೇ ಇದರ ಅರ್ಥ?

ಎರಡನೆಯ ಸಮರ್ಥನೆ ಬೊಕ್ಕಸದ ಬಡತನದ್ದು. ಶ್ರೀಮಂತ ದೇಶಗಳಿಗೆ ಮಾತ್ರ ನೇರ ಪರಿಹಾರ ಸಾಧ್ಯವೆನ್ನುವವರಿದ್ದಾರೆ. ಬ್ರಿಟನ್ನು 2020ರಲ್ಲಿ ಸ್ಥಳೀಯ ತೆರಿಗೆಯ ರಿಯಾಯಿತಿ ಪಡೆಯುತ್ತಿದ್ದ ಸಣ್ಣ ಅಂಗಡಿಗಳಿಗೆ 10,000 ಪೌಂಡುಗಳನ್ನು ಸಾಲವಾಗಿಯಲ್ಲ, ಅನುದಾನವಾಗಿ ಕೊಟ್ಟಿತು. ಜರ್ಮನಿಯು ಐವರವರೆಗೆ ದುಡಿಯುವ ಉದ್ದಿಮೆಗೆ ಮೂರು ತಿಂಗಳಿಗೆ 9,000 ಯೂರೋಗಳವರೆಗೆ ಕೊಟ್ಟಿತು. ಆ ಮೊತ್ತವನ್ನು ಭಾರತ ಕೊಡಲಾರದು, ಒಪ್ಪಬೇಕಾದ ಮಾತು. ಆದರೆ ಇಲ್ಲಿ ಕಲಿಯಬೇಕಾದುದು ಮೊತ್ತವನ್ನಲ್ಲ, ಮಾರ್ಗವನ್ನು. ಬ್ರಿಟನ್ನಿನಲ್ಲಿ ಹಣ ಹಂಚಿದುದು ಊರಿನ ಪುರಸಭೆ, ತನ್ನಲ್ಲಿಯೇ ಇದ್ದ ತೆರಿಗೆಯ ವಹಿಯನ್ನು ನೋಡಿ. ಇಲ್ಲಿಯ ಪುರಸಭೆಗಳಲ್ಲಿಯೂ ಉದ್ದಿಮೆ ಪರವಾನಗಿಯ ವಹಿಯಿದೆ, ಪಂಚಾಯತಿಗಳಲ್ಲಿಯೂ ತೆರಿಗೆಯ ವಹಿಯಿದೆ, ಜಾತ್ರೆಯಲ್ಲಿ ಜಾಗದ ಪಟ್ಟಿ ವಸೂಲು ಮಾಡಿದ ರಸೀದಿಯಿದೆ. ವಸೂಲು ಮಾಡುವಾಗ ಕಣ್ಣಿಗೆ ಬೀಳುವ ವ್ಯಾಪಾರಿ ಕೊಡುವಾಗ ಏಕೆ ಕಾಣದಾಗುತ್ತಾನೆ? ಬಡತನವಿರುವುದು ಬೊಕ್ಕಸದಲ್ಲಿ ಮಾತ್ರವಲ್ಲ.

ಮೂರನೆಯ ಸಮರ್ಥನೆ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅದು ಕಣ್ಣಿಗೆ ಸುಖವಾಗಿ ಕಾಣುತ್ತದೆ. ಜನ ಮತ್ತೆ ಬರುತ್ತಿದ್ದಾರೆ, ಗುಡಿಗಳಲ್ಲಿ ಸಾಲು ನಿಂತಿದೆ, ಇನ್ನೇಕೆ ಹಳೆಯ ಮಾತು ಎಂಬುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪಯಣಿಸುವಂತಾಗಿ ಕ್ಷೇತ್ರಗಳಲ್ಲಿ ಜನ ಹೆಚ್ಚಿದುದು ನಿಜ. ವರೂರಿನ ನವಗ್ರಹ ತೀರ್ಥದಲ್ಲಿ 2025ರ ಜನವರಿಯ ಮಹಾಮಸ್ತಕಾಭಿಷೇಕಕ್ಕೆ ಜನಸಾಗರವೇ ಸೇರಿತು. ಆದರೆ ಬಂದ ಜನರ ಸಂಖ್ಯೆ ಚೇತರಿಕೆಯ ಅಳತೆಯಲ್ಲ. ಅಂದು ಇದ್ದ ಅಂಗಡಿಯವನು ಇಂದೂ ಅಲ್ಲಿರುವನೇ ಎಂಬುದು ಅಳತೆ. ಎರಡು ಸುಗ್ಗಿ ಕಳೆದುಕೊಂಡು, ತಕ್ಕಡಿ ಮಾರಿ, ಹುಬ್ಬಳ್ಳಿಗೋ ಬೆಂಗಳೂರಿಗೋ ಕೂಲಿಗೆ ಹೋದವನ ಜಾಗದಲ್ಲಿ ಇನ್ನೊಬ್ಬನು ಕುಳಿತು ವ್ಯಾಪಾರ ಮಾಡಿದರೆ ಜಾಗ ಚೇತರಿಸಿಕೊಂಡಿತೇ ಹೊರತು ಮನುಷ್ಯನಲ್ಲ. ಉಚಿತ ಬಸ್ಸು ತಂದ ಯಾತ್ರಿಕಳಿಂದ ಖಾನಾವಳಿಗೆ ಲಾಭವಾಗಿರಬಹುದು. ಅವಳನ್ನೇ ನೆಚ್ಚಿಕೊಂಡಿದ್ದ ಟಂಟಂ ಮತ್ತು ಕ್ರೂಸರ್ ಚಾಲಕರ ಗಳಿಕೆಗೆ ಅದು ಇನ್ನೊಂದು ಪೆಟ್ಟು. ಹೆಣ್ಣುಮಕ್ಕಳ ಪಯಣ ಸ್ವಾಗತಾರ್ಹವೇ. ಆದರೆ ಒಂದು ಒಳಿತಿನ ಬೆಲೆಯನ್ನು ಮತ್ತೊಮ್ಮೆ ಅದೇ ಬಡವರ ಲೆಕ್ಕಕ್ಕೆ ಹಾಕಿ ಮರೆಯುವುದು ಸರಿಯಲ್ಲ.

ಅಂಗಡಿ ಉಳಿಸಿಕೊಂಡವರಾದರೂ ಹೇಗೆ ಉಳಿಸಿಕೊಂಡರು? ಸರಕಾರದ ಸಾಲ ತಲುಪದ ಕಡೆ ಕಿರುಸಾಲದವರು ತಲುಪಿದರು. ವಾರದ ಕಂತು ತಪ್ಪಿದರೆ ಮನೆಯ ಮುಂದೆ ಬಂದು ಕೂರುವ ವಸೂಲಿಗಾರರ ಕಾಟ ತಾಳಲಾರದೆ 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯವನ್ನು ಉಳಿಸಿಕೊಡಿರೆಂದು ಮುಖ್ಯಮಂತ್ರಿಗಳಿಗೆ ತಾಳಿಗಳನ್ನೇ ಅಂಚೆಯಲ್ಲಿ ಕಳುಹಿಸಿದರು. ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳವನ್ನು ತಡೆಯುವ ಸುಗ್ರೀವಾಜ್ಞೆ ಬಂದಿತು. ಆ ಸಾಲಗಳೆಲ್ಲವೂ ಮಹಾಮಾರಿಯಿಂದಲೇ ಹುಟ್ಟಿದುವೆನ್ನುವುದು ಅತ್ಯುಕ್ತಿಯಾದೀತು. ಆದರೆ ಉಳಿತಾಯವೆಲ್ಲ ಕರಗಿದ ಮನೆಯಲ್ಲಿ ಮಗಳ ಮದುವೆಗೂ ಔಷಧಿಗೂ ಸಾಲವೇ ಗತಿಯಾಗುವುದೆಂಬುದನ್ನು ಅಲ್ಲಗಳೆಯುವವರು ಯಾರು? ಪರಿಹಾರ ಕೊಡಬೇಕಾದಾಗ ಸಾಲ ಕೊಟ್ಟ ನೀತಿಯ ಬಾಲ ಇಷ್ಟು ಉದ್ದ.

ಈ ಸೀಮೆಗೆ ರಾಜಕೀಯ ಬಲದ ಕೊರತೆಯಿತ್ತೆಂದೂ ಹೇಳಲಾಗದು. 2021ರ ಜುಲೈ 28ರಿಂದ 2023ರ ಮೇ ತಿಂಗಳವರೆಗೆ ಮುಖ್ಯಮಂತ್ರಿಗಳಾಗಿದ್ದವರು ಶಿಗ್ಗಾಂವಿಯಿಂದಲೇ ಆಯ್ಕೆಯಾದವರು. ಕೃಷಿ ಸಚಿವರು ಹಿರೇಕೆರೂರಿನವರು. 2021ರ ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ ಉಪಚುನಾವಣೆ ನಡೆದು ಎಲ್ಲ ಪಕ್ಷಗಳ ಮುಖಂಡರೂ ಅಲ್ಲಿಯ ಬೀದಿಗಳಲ್ಲಿ ಓಡಾಡಿದರು. ಆದರೂ ಅಧಿಕಾರದ ಸಾಮೀಪ್ಯವು ಯೋಜನೆಯ ವ್ಯಾಖ್ಯೆಯನ್ನು ತಿದ್ದಲಿಲ್ಲ. ಆದುದರಿಂದ ಇದು ಒಂದು ಪಕ್ಷದ ದೋಷವಲ್ಲ. ಆಳುವವರು ಯಾರೇ ಆಗಿರಲಿ, ಬಡವನನ್ನು ಕಡತದ ಮೂಲಕ ಮಾತ್ರ ನೋಡುವ ಅಭ್ಯಾಸದ ದೋಷ.

ಮಾಡಬೇಕಾದುದೇನು? ಪ್ರತಿಯೊಂದು ಪಂಚಾಯತಿಯೂ ಪುರಸಭೆಯೂ ತನ್ನ ಕ್ಷೇತ್ರ, ಸ್ಮಾರಕ, ಜಾತ್ರೆಗಳನ್ನು ನೆಚ್ಚಿ ಬದುಕುವವರ ವಹಿಯೊಂದನ್ನು ಇಡಬೇಕು. ಒಂದು ಸುಗ್ಗಿ ವ್ಯಾಪಾರ ಮಾಡಿದವರೆಲ್ಲರ ಹೆಸರೂ ಅದರಲ್ಲಿರಬೇಕು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಆಕ್ಷೇಪಣೆಗೆ ಅವಕಾಶ ಕೊಡಬೇಕು. ನೆರೆಯವರ ಕಿವಿಗಿಂತ ದೊಡ್ಡ ತನಿಖಾಧಿಕಾರಿಯಿಲ್ಲ. ಎರಡನೆಯದಾಗಿ, ಮುಂದೆ ಯಾವುದೇ ಕಾರಣಕ್ಕೆ ಸರಕಾರದ ಆದೇಶದಿಂದ ಒಂದು ವಾರಕ್ಕಿಂತ ಹೆಚ್ಚು ಕಾಲ ವ್ಯಾಪಾರ ನಿಂತರೆ, ಆ ವಹಿಯಲ್ಲಿರುವ ಪ್ರತಿ ಕುಟುಂಬಕ್ಕೂ ಉದ್ಯೋಗ ಖಾತರಿಯ ದಿನಗೂಲಿಯ ದರದಲ್ಲಿ ದಿನದ ಲೆಕ್ಕದಂತೆ ಹಣ ಸಲ್ಲಬೇಕು. ಅದು ಕೃಪೆಯಾಗಿಯಲ್ಲ, ಹಕ್ಕಾಗಿ. ಮೂರನೆಯದಾಗಿ, ಸಾಲ ಕೊಡುವುದಾದರೆ ಅದರ ಮರುಪಾವತಿ ತಿಂಗಳ ಕಂತಿಗಲ್ಲ, ಜಾತ್ರೆಯ ಸುಗ್ಗಿಗೆ ಹೊಂದಿಕೊಳ್ಳಬೇಕು. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಬಂಡವಾಳ ಹೂಡುವವರ ಬಗೆಗೆ ಬಹಳ ಚಿಂತಿಸಿದೆ. ಬಂಡವಾಳವೇ ಇಲ್ಲದೆ ಪ್ರವಾಸಿಗನಿಗೆ ನೀರು, ಊಟ, ದಾರಿ ತೋರಿಸುವವರ ಬಗೆಗೂ ಚಿಂತಿಸಲಿ.

ಸರಕಾರದ ಕಡೆಗೆ ಬೆರಳು ತೋರಿದ ಮೇಲೆ ಸಮಾಜದ ಕಡೆಗೂ ನೋಡದಿದ್ದರೆ ಈ ಮಾತು ಏಕಾಂತವಾದವಾದೀತು. ಲಾಕ್‌ಡೌನಿನ ದಿನಗಳಲ್ಲಿ ಶ್ರಾವಕರು ಊರೂರುಗಳಲ್ಲಿ ಅನ್ನದ ಪೊಟ್ಟಣ, ದಿನಸಿಯ ಚೀಲ ಹಂಚಿದುದು ಸ್ತುತ್ಯರ್ಹ. ಆದರೆ ಆಹಾರದಾನದ ಹೊರತಾಗಿ ಮಂದಿರದ ಟ್ರಸ್ಟುಗಳ ಕೈಯಲ್ಲಿ ಇನ್ನೊಂದು ಅಧಿಕಾರವಿತ್ತು. ಹಲವು ಬಸದಿ ಮತ್ತು ಮಂದಿರಗಳಿಗೆ ಬಾಡಿಗೆಯ ಮಳಿಗೆಗಳಿವೆ. ಮಂದಿರದ ಬಾಗಿಲೇ ಮುಚ್ಚಿದ್ದ ತಿಂಗಳುಗಳಿಗೆ ಮಂದಿರದ ಮುಂದಿನ ಮಳಿಗೆಯಿಂದ ಬಾಡಿಗೆ ಪಡೆದುದು ನ್ಯಾಯವೇ? ಬಿಟ್ಟುಕೊಟ್ಟ ಟ್ರಸ್ಟುಗಳು ವಂದನೀಯ. ಪಡೆದವುಗಳು ಆ ಲೆಕ್ಕವನ್ನು ಇನ್ನೊಮ್ಮೆ ತೆರೆದು ನೋಡಲಿ. ದೇವದ್ರವ್ಯವನ್ನು ಬಿಟ್ಟುಕೊಡಲು ಅಧಿಕಾರವಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ದೇವದ್ರವ್ಯಕ್ಕೆ ಕೈ ಹಾಕುವುದು ಬೇಡ. ವ್ಯಾಪಾರವೇ ನಡೆಯದ ತಿಂಗಳ ಬಾಡಿಗೆ ದೇವದ್ರವ್ಯವಾಗುವುದು ಹೇಗೆಂಬುದಷ್ಟೇ ಪ್ರಶ್ನೆ. ದುಡಿಯಲು ಬಿಡದೆ ದುಡಿಮೆಯ ಪಾಲನ್ನು ಪಡೆಯುವುದು ಅಚೌರ್ಯವ್ರತದ ಅಂಚಿಗೆ ಬಹಳ ಹತ್ತಿರ ಬರುತ್ತದೆ.

ಯಾತ್ರೆಯ ವಿಷಯವೂ ಉಂಟು. ಹುಬ್ಬಳ್ಳಿ, ಬೆಳಗಾವಿಗಳಿಂದ ಹೊಂಬುಜಕ್ಕೋ ಶ್ರವಣಬೆಳಗೊಳಕ್ಕೋ ಹೊರಡುವ ಯಾತ್ರೆಯ ಬಸ್ಸುಗಳು 48ನೆಯ ಹೆದ್ದಾರಿಯಲ್ಲಿ ಬಂಕಾಪುರದ ಸಮೀಪದಲ್ಲಿಯೇ ಹಾದುಹೋಗುತ್ತವೆ. ಉತ್ತರಪುರಾಣ ಪೂಜೆಗೊಂಡ ಊರು ಅದೆಂದು ಬಸ್ಸಿನಲ್ಲಿರುವ ಎಷ್ಟು ಮಕ್ಕಳಿಗೆ ಗೊತ್ತು? ಅಡಿಗೆಯವರನ್ನೂ ದಿನಸಿಯನ್ನೂ ಊರಿನಿಂದಲೇ ಹೊತ್ತೊಯ್ದು, ದಾರಿಯ ಯಾವ ಊರಿಗೂ ಒಂದು ರೂಪಾಯಿಯನ್ನೂ ಕೊಡದೆ ಮರಳುವುದು ಶುದ್ಧಿಯ ದೃಷ್ಟಿಯಿಂದ ಅನುಕೂಲವಾಗಿರಬಹುದು. ಆದರೆ ಹಾಲು, ಅಕ್ಕಿ, ಬೇಳೆ, ಹಣ್ಣುಗಳನ್ನು ದಾರಿಯ ಊರಿನಲ್ಲಿ ಕೊಂಡರೆ ಯಾವ ನಿಯಮಕ್ಕೆ ಭಂಗ? ಸೂರ್ಯಾಸ್ತದ ಮೊದಲು ಶುದ್ಧ ಸಸ್ಯಾಹಾರ ಸಿದ್ಧಪಡಿಸಿ ಕೊಡಲು ಒಂದು ಖಾನಾವಳಿಗೆ ಕಲಿಸಿ, ವರ್ಷಕ್ಕೆ ಇಂತಿಷ್ಟು ಬಸ್ಸುಗಳ ಊಟ ಅಲ್ಲಿಯೇ ಎಂದು ಮಾತು ಕೊಟ್ಟರೆ ಒಂದು ಕುಟುಂಬ ನೆಲೆ ನಿಲ್ಲುತ್ತದೆ. ವರ್ಷಕ್ಕೊಮ್ಮೆಯಾದರೂ ಅರಟಾಳದ ಪಾರ್ಶ್ವನಾಥನ ದರ್ಶನ, ಬಂಕಾಪುರದ ಕೋಟೆ, ಹಾನಗಲ್ಲ, ಸವಣೂರುಗಳನ್ನು ಒಳಗೊಂಡ ಒಂದು ದಿನದ ಯಾತ್ರೆಯನ್ನು ಪ್ರತಿ ಟ್ರಸ್ಟೂ ಏರ್ಪಡಿಸಿದರೆ ಮಕ್ಕಳಿಗೆ ಇತಿಹಾಸ, ಊರಿನವರಿಗೆ ಅನ್ನ.

ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬುದನ್ನು ಲಾಂಛನದ ಕೆಳಗೆ ಬರೆದುಕೊಂಡ ಸಮಾಜವಿದು. ಯಾತ್ರಿಕನ ಪುಣ್ಯಕ್ಕೆ ಹೂ ಕಟ್ಟಿಕೊಟ್ಟವಳು, ಬಾಯಾರಿದಾಗ ನೀರು ಕೊಟ್ಟವನು ಉಪಕಾರವನ್ನು ಆಗಲೇ ಮಾಡಿಯಾಗಿದೆ. ಈಗ ಇರುವುದು ಮರುಪಾವತಿಯ ಸರದಿ. ಇನ್ನೊಂದು ಮಹಾಮಾರಿ ಬಾರದಿರಲಿ ಎಂದು ಪ್ರಾರ್ಥಿಸುವುದು ಸರಿಯೇ. ಆದರೆ ಅದು ಬರುವ ಮೊದಲು ಪಂಚಾಯತಿಯ ವಹಿ ಸಿದ್ಧವಾಗಲಿ, ಟ್ರಸ್ಟಿನ ಬಾಡಿಗೆ ಕರಾರಿನಲ್ಲಿ ಬಾಗಿಲು ಮುಚ್ಚಿದ ತಿಂಗಳಿಗೆ ಬಾಡಿಗೆಯಿಲ್ಲವೆಂಬ ಒಂದು ಸಾಲು ಸೇರಲಿ. ಮುಂದಿನ ಟ್ರಸ್ಟಿನ ಸಭೆಯಲ್ಲಿಯೇ ಆ ಒಂದು ಸಾಲನ್ನು ಬರೆಯಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.